ಅಡಿಕೆ ತೋಟಕ್ಕೆ ಲಿವರ್ ಆಕ್ಷನ್ ರೈಫಲ್: ಹೆಬ್ರಿ ಕಡೆಯ ಒಂದು ಪ್ರಕರಣ

ಕೋವಿ ಲೈಸೆನ್ಸಿನ ಅರ್ಜಿ, ನವೀಕರಣ, ಕೋವಿ ಬದಲಾವಣೆ, ಹೆಸರು ವರ್ಗಾವಣೆ. ಇಂಥ ಕೆಲಸಗಳಲ್ಲಿ ಉಡುಪಿ ಜಿಲ್ಲೆಯ ಕೃಷಿಕರಿಗೆ ನೆರವಾಗುತ್ತಾ ಬಂದಿದ್ದೇನೆ. ಹಾಗೆ ಬಂದವರಲ್ಲಿ ಒಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರನ್ನು ಹೆಗ್ಡೆಯವರು ಎಂದು ಕರೆಯೋಣ. ಅದು ಅವರ ನಿಜವಾದ ಹೆಸರಲ್ಲ. ಗ್ರಾಮದ ಹೆಸರು ಹೇಳುವುದಿಲ್ಲ, ಹೆಬ್ರಿ ಕಡೆ ಅಂದರೆ ಸಾಕು.

ಅವರಿಗೆ ಬೇಕಾಗಿದ್ದದ್ದು ಒಂದು ಲಿವರ್ ಆಕ್ಷನ್ ರೈಫಲ್, ಅಂದರೆ ಕೆಳಗಿನ ಹಿಡಿಕೆ ಎಳೆದು ಮುಚ್ಚಿ ಒಂದೊಂದು ಈಡಿಗೂ ಸಿದ್ಧ ಮಾಡುವಂಥದ್ದು. ಅದು ಅವರ ಮೊದಲ ಸೆಂಟರ್‌ಫೈರ್ ಕೋವಿ ಆಗಬೇಕಿತ್ತು, ಅಂದರೆ ಹಿಂಬದಿಯ ನಡುವಿಗೆ ಪೆಟ್ಟು ಬಿದ್ದು ಸಿಡಿಯುವ ತೋಟಾ (ಕಾಡತೂಸು) ಹಾಕುವ ಕೋವಿ. ನಮ್ಮ ಕಡೆ ಈ ಆಸೆ ಅಪರೂಪವೇನಲ್ಲ. ಒಳ್ಳೆಯ ರೈಫಲ್ ಒಂದನ್ನು ಕೈಯಲ್ಲಿ ಹಿಡಿಯಬೇಕು ಎಂಬ ಆಸೆಯಲ್ಲಿ ತಪ್ಪೂ ಇಲ್ಲ. ಆದರೆ ಆ ಆಸೆಗೂ ತೋಟದ ಅಗತ್ಯಕ್ಕೂ ನಡುವೆ ಎಷ್ಟು ದೂರ ಇತ್ತು, ಅದು ಯಾವ ಹಂತದಲ್ಲಿ ಗೊತ್ತಾಯಿತು ಎನ್ನುವುದು ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ತೋಟ ಮತ್ತು ಕೇಪಿನ ಕೋವಿ

ಹೆಗ್ಡೆಯವರ ಮನೆ ಗುಡ್ಡದ ಬುಡದಲ್ಲಿದೆ. ಅಂಗಳದ ಕೆಳಗೆ ಅಡಿಕೆ ತೋಟ, ಅದರ ಆಚೆ ತೋಡು, ತೋಡಿನ ಆಚೆ ಬೈಲು. ಬೈಲಿನ ಎದುರು ದಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಮನೆಯ ಹಿಂದಿನ ಗುಡ್ಡದಲ್ಲಿ ನೆರೆಯವರ ರಬ್ಬರ್, ಅದರ ಮೇಲೆ ಕಾಡು. ತುಳುನಾಡಿನ ಊರುಗಳು ಹೀಗೇ ಅಲ್ವಾ? ಮನೆಗಳು ಒಂದೇ ಕಡೆ ಒತ್ತೊತ್ತಾಗಿ ಇರುವುದಿಲ್ಲ, ಎಲ್ಲ ಕಡೆ ಚದುರಿರುತ್ತವೆ. ಈ ಮಾತು ಮುಂದೆ ಬಹಳ ಮುಖ್ಯವಾಗುತ್ತದೆ.

ತಂದೆಯ ಕಾಲದಿಂದ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿಸಿ, ಕೇಪು ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆಯ ಲೈಸೆನ್ಸ್. ತಂದೆ ತೀರಿಕೊಂಡ ಮೇಲೆ ಅದು ಹೆಗ್ಡೆಯವರ ಹೆಸರಿಗೆ ಬಂತು. ಅಷ್ಟು ಹೊತ್ತಿಗೆ ನಳಿಗೆಯೊಳಗೆ ತುಕ್ಕು ತಿಂದು ಗುಳಿ ಬಿದ್ದಿತ್ತು. ಮಳೆಗಾಲದಲ್ಲಿ ಮದ್ದು ಒದ್ದೆಯಾಗಿ, ಕೇಪು ಹೊಡೆದರೂ ಈಡು ಹೋಗುತ್ತಿರಲಿಲ್ಲ. ಗುಳಿ ಬಿದ್ದ ನಳಿಗೆಗೆ ಮದ್ದು ತುಂಬುವುದು ತುಂಬುವವನಿಗೇ ಅಪಾಯ. ಹಾಗಾಗಿ ಕೋವಿ ಬದಲಿಸಬೇಕು ಎಂದು ಅವರು ತೀರ್ಮಾನಿಸಿದ್ದು ಸರಿಯಾಗಿಯೇ ಇತ್ತು.

ಹಂದಿಗಳ ಕಾಟವೂ ಸಣ್ಣದಲ್ಲ. ರಾತ್ರಿ ಗುಡ್ಡದಿಂದ ಇಳಿದು ಬಂದು ಮರಗೆಣಸು ಕೀಳುತ್ತವೆ, ಬಾಳೆ ಬುಡ ಅಗೆಯುತ್ತವೆ, ಹೊಸದಾಗಿ ನೆಟ್ಟ ಅಡಿಕೆ ಸಸಿಗಳನ್ನು ಬೇರು ಸಮೇತ ಎಬ್ಬಿಸಿ ಹಾಕುತ್ತವೆ. ಬೆಳಗ್ಗೆ ಎದ್ದು ನೋಡಿದರೆ ಯಾರೋ ಹಾರೆಯಿಂದ ಅಗೆದ ಹಾಗೆ ನೆಲ ಇರುತ್ತದೆ. ಗರ್ನಾಲು ಹೊಡೆದರೆ ಒಂದೆರಡು ದಿನ ಬರುವುದಿಲ್ಲ. ಆಮೇಲೆ ಶಬ್ದ ಅಭ್ಯಾಸವಾಗಿ ಬಿಡುತ್ತದೆ.

ಆಸೆ ಬಂದದ್ದು ಟೆಕ್ಸಾಸಿನಿಂದ

ಹೆಗ್ಡೆಯವರ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಪಡೆದು ಗೆಳೆಯರ ಜೊತೆ ಹೋಗುತ್ತಾನೆ. ಅವನ ಹತ್ತಿರ ಮಾರ್ಲಿನ್ 336 ಎಂಬ ಲಿವರ್ ಆಕ್ಷನ್ ರೈಫಲ್ ಇದೆ. ವಿಡಿಯೋ ಕಾಲಿನಲ್ಲಿ ಅದನ್ನು ತೋರಿಸಿ, ‘ಮಾವ, ಕೋವಿ ತಗೊಳ್ಳುದಾದ್ರೆ ಇಂಥದ್ದು ತಗೊಳ್ಳಿ’ ಅಂದ. ಕೆಳಗಿನ ಲಿವರ್ ಎಳೆದರೆ ಹಳೇ ಕೇಸು ಹಾರುತ್ತದೆ, ತಿರುಗಿ ಮುಚ್ಚಿದರೆ ಹೊಸ ತೋಟಾ ಒಳಗೆ. ಕೇಪಿನ ಕೋವಿಗೆ ಮದ್ದು ತುಂಬಿಸಿ ಬೇಸತ್ತವರಿಗೆ ಅದನ್ನು ನೋಡಿದರೆ ಹೇಗಾಗಬೇಡ!

ಅಳಿಯ ಕೊಟ್ಟ ಸಲಹೆ ಅವನ ಊರಿಗೆ ಸರಿಯಾದದ್ದೇ. ಅಲ್ಲಿ ಮೊದಲ ಲಿವರ್ ಆಕ್ಷನ್ ತಗೊಳ್ಳುವವರಿಗೆ .30-30 ವಿಂಚೆಸ್ಟರ್ ತೋಟಾ ಬಹಳ ಕಾಲದಿಂದ ಮೊದಲ ಆಯ್ಕೆಗಳಲ್ಲಿ ಒಂದು. ಥರ್ಟಿ ಥರ್ಟಿ ಎಂದು ಕರೆಯುತ್ತಾರೆ. 1895ರಲ್ಲಿ ಬಂದ ತೋಟಾ ಅದು. ಹೊಗೆಯಿಲ್ಲದ ಮದ್ದಿಗೆಂದೇ ಅಮೆರಿಕದಲ್ಲಿ ತಯಾರಾದ ಮೊದಲ ಬೇಟೆ ತೋಟಾಗಳಲ್ಲಿ ಸೇರುತ್ತದೆ. 170 ಗ್ರೇನ್ (ಸುಮಾರು 11 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 2200 ಅಡಿ ವೇಗದಲ್ಲಿ ಹೊರಡುತ್ತದೆ. ಹೆಗಲಿಗೆ ಒದೆತ ಕಡಿಮೆ. 150 ಗಜದೊಳಗೆ ಜಿಂಕೆಗೆ, ಹಂದಿಗೆ ಧಾರಾಳ ಸಾಕು. ತೋಟಾ ಕ್ರೀಡಾ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಇದರಲ್ಲಿ ಯಾವುದೂ ಸುಳ್ಳಲ್ಲ.

ಆದರೆ ಅಳಿಯನ ಆ ರೈಫಲ್ ಇಲ್ಲಿಗೆ ಬರುವ ಹಾಗಿಲ್ಲ. 1980ರ ದಶಕದ ನಡುವಿನಿಂದ ನಮ್ಮಲ್ಲಿ ಸಾಮಾನ್ಯ ಜನ ವಿದೇಶಿ ಕೋವಿ ತರಿಸಲು ಅನುಮತಿ ಇಲ್ಲ. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ, ಇನ್ನು ಕೆಲವೇ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಭಾರತದಲ್ಲಿ ಲಿವರ್ ಆಕ್ಷನ್ ಅಂದರೆ ಹೆಚ್ಚಾಗಿ ಅದಕ್ಕೂ ಮೊದಲೇ ಬಂದು, ಒಬ್ಬರ ಲೈಸೆನ್ಸಿನಿಂದ ಇನ್ನೊಬ್ಬರ ಲೈಸೆನ್ಸಿಗೆ ದಾಟುತ್ತಾ ಉಳಿದಿರುವ ಹಳೇ ರೈಫಲುಗಳು.

ಅಂಥದ್ದೇ ಒಂದು ಎದುರಿಗೆ ಬಂತು. ಘಟ್ಟದ ಮೇಲಿನ ಕಾಫಿ ಎಸ್ಟೇಟಿನವರೊಬ್ಬರು ತೀರಿಕೊಂಡು, ವಾರಸುದಾರರಿಗೆ ಕೋವಿ ಬೇಡವಾಗಿ, ಅವರ ವಿಂಚೆಸ್ಟರ್ 94 ಎಂಬ ಲಿವರ್ ಆಕ್ಷನ್ ರೈಫಲ್ ಮಂಗಳೂರಿನ ಒಬ್ಬ ಡೀಲರ್ ಹತ್ತಿರ ಮಾರಾಟಕ್ಕೆ ಬಂದಿತ್ತು. ಬೋರು .30-30. ಸುದ್ದಿ ಸಿಕ್ಕಿದ ದಿನವೇ ಹೆಗ್ಡೆಯವರು ನನಗೆ ಫೋನ್ ಮಾಡಿದರು. ‘ಇದು ಬಿಟ್ರೆ ಇನ್ನು ಸಿಗುದಿಲ್ಲ ಮಾರಾಯ್ರೆ, ಲೈಸೆನ್ಸ್ ಉಂಟಲ್ಲ ನನ್ನತ್ರ, ಕೋವಿ ಬದಲಾವಣೆ ಅಂತ ಹಾಕುವ.’

ಲೈಸೆನ್ಸಿನ ಪ್ರಶ್ನೆ

ಮೊದಲ ತಿರುವು ಬಂದದ್ದು ಇಲ್ಲೇ. ಮನೆಯಲ್ಲಿ ಕೋವಿ ಲೈಸೆನ್ಸ್ ಇದ್ದರೆ ಯಾವ ಕೋವಿ ಬೇಕಾದರೂ ತಗೊಳ್ಳಬಹುದು ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ಬೆಳೆ ರಕ್ಷಣೆಗೆ ಕಾನೂನು ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲುವುದಿಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ನಯವಾದ ನಳಿಗೆಯ ಬೇರೆ ಕೋವಿ ಕೊಡಬಹುದು. ಅಂದರೆ 12 ಬೋರಿನಂಥದ್ದು. ರೈಫಲ್ ಈ ಸಾಲಿನಲ್ಲಿ ಬರುವುದೇ ಇಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆ ಇರುತ್ತದೆ, ಗುಂಡು ತಿರುಗುತ್ತಾ ಹೊರಡುತ್ತದೆ. ಅದಕ್ಕೆ ‘ತಕ್ಕ ಕಾರಣ’ ಇದೆ ಎಂದು ಪ್ರತ್ಯೇಕವಾಗಿ ತೋರಿಸಬೇಕು, ಅಧಿಕಾರಿ ಒಪ್ಪಬೇಕು.

ಹೆಗ್ಡೆಯವರ ಮನೆಗೆ ಇನ್ನೊಂದು ತೊಡಕು ಇತ್ತು. ಸೋಮೇಶ್ವರ ವನ್ಯಜೀವಿ ಧಾಮದಿಂದ ಅವರ ಗ್ರಾಮ 10 ಕಿಲೋಮೀಟರ್ ಒಳಗೆ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಸೆಕ್ಷನ್ 34 ಪ್ರಕಾರ, ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಕೋವಿ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸ್ ಕೊಡುವ ಮೊದಲು ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಿಗೆ ಬೇಕು. ಅಡಿಕೆ ತೋಟಕ್ಕೆ ರೈಫಲ್ ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ.

ಆಗ ಹೆಗ್ಡೆಯವರು ಕೊಟ್ಟ ಉತ್ತರ: ‘ಹಂದಿ ದೊಡ್ಡದು, ಚರೆಯಲ್ಲಿ ಸಾಯುದಿಲ್ಲ.’

ಈ ಉತ್ತರದಲ್ಲಿ ಎರಡು ವಿಷಯ ಬೆರೆತಿವೆ. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಇದೆ ಎಂದಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಬಂದ ಮೇಲೆ ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಲು ಸೆಕ್ಷನ್ 11ರ ಕೆಳಗೆ ಅಧಿಕಾರಿಯ ಲಿಖಿತ ಆದೇಶ ಬೇಕು. ಸತ್ತ ಪ್ರಾಣಿ ಸರ್ಕಾರದ ಆಸ್ತಿ. ನವಿಲು, ಕಾಡುಕೋಣ ಮೊದಲ ಪಟ್ಟಿಯವು, ಅವುಗಳ ತಂಟೆಗೇ ಹೋಗಬಾರದು. ಇದನ್ನು ನಾನು ಪ್ರತಿ ಬಾರಿಯೂ ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಎರಡು ಕಾನೂನುಗಳನ್ನು ಒಂದೇ ಎಂದುಕೊಂಡು ಒಳ್ಳೆಯ ಮನೆಯವರು ಕೋರ್ಟಿಗೆ ಅಲೆದದ್ದನ್ನು ನೋಡಿದ್ದೇನೆ.

ಇಷ್ಟಾದರೂ ಹೆಗ್ಡೆಯವರ ಮನಸ್ಸು ಬದಲಾಗಲಿಲ್ಲ. ಕಾನೂನು ಅಂದರೆ ಕಾಗದ, ಕಾಗದ ಅಂದರೆ ಓಡಾಟ, ಓಡಾಡಿದರೆ ಆಗುತ್ತದೆ ಎಂಬ ಲೆಕ್ಕ. ಹಾಗಾದರೆ ಮೊದಲು ರೈಫಲನ್ನೇ ನೋಡಿ ಬರೋಣ ಎಂದು ಇಬ್ಬರೂ ಮಂಗಳೂರಿಗೆ ಹೋದೆವು.

ಡೀಲರ್ ಅಂಗಡಿಯ ಮೇಜಿನ ಮೇಲೆ

ರೈಫಲ್ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು. 20 ಇಂಚಿನ ನಳಿಗೆ, ಮೂರು ಕೆಜಿಯ ಸುತ್ತಮುತ್ತ ತೂಕ. ಒಂದೇ ಕೈಯಲ್ಲಿ ನಡುವೆ ಹಿಡಿದರೆ ಎರಡೂ ಕಡೆ ಸಮ ತೂಗುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ ಅಂದರೆ ಸುಮ್ನೆ ಅಲ್ಲ. 1964ಕ್ಕಿಂತ ಮೊದಲಿನದ್ದು ಎಂದು ಡೀಲರ್ ಹೇಳಿದರು. ಆ ವರ್ಷ ಕಂಪನಿ ತಯಾರಿಕೆಯ ಕ್ರಮ ಬದಲಿಸಿದ್ದರಿಂದ ಹಳೆಯದಕ್ಕೆ ಬೆಲೆ ಜಾಸ್ತಿ. ಸೀರಿಯಲ್ ನಂಬರ್ ಹಳೇ ಲೈಸೆನ್ಸಿನ ಜೊತೆ ತಾಳೆ ನೋಡಿದೆವು, ಸರಿ ಇತ್ತು.

ಹೊರಗಿನ ಹೊಳಪು ನೋಡಿ ಮರುಳಾಗುವ ಮೊದಲು ನಾನು ನೋಡುವುದು ನಳಿಗೆಯ ಬಾಯಿ. ವಿಂಚೆಸ್ಟರ್ 94ರ ನಳಿಗೆಯನ್ನು ಹಿಂದಿನಿಂದ ತಿಕ್ಕಲು ಆಗುವುದಿಲ್ಲ, ಬಾಯಿಂದಲೇ ಸರಳು ಹಾಕಬೇಕು. ವರ್ಷಗಟ್ಟಲೆ ಹಾಗೆ ತಿಕ್ಕಿದರೆ ಬಾಯಿಯ ಅಂಚು ಸವೆದು ಗುರಿ ತಪ್ಪುತ್ತದೆ. ಅಳಿಯನ ಮಾರ್ಲಿನ್ 336ರಲ್ಲಿ ಒಂದು ತಿರುಪು ಬಿಚ್ಚಿದರೆ ಲಿವರ್, ಬೋಲ್ಟ್ ಎರಡೂ ಹೊರಗೆ ಬರುತ್ತವೆ, ಹಿಂದಿನಿಂದಲೇ ತಿಕ್ಕಬಹುದು. ಆಗುಂಬೆಯ ಕೆಳಗಿನ ಮಳೆಗೆ ಇದು ಸಣ್ಣ ವಿಷಯ ಅಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಬ್ಬಿಣ ಅಂದರೆ ತುಕ್ಕು. 12 ಬೋರಿನ ಜೋಡುನಳಿಗೆ ಕೋವಿಯನ್ನು ಮಡಚಿದರೆ ನಳಿಗೆ ಪೂರಾ ಕಾಣುತ್ತದೆ, ಒಂದು ಬಟ್ಟೆ ಎಳೆದರೆ ಮುಗಿಯಿತು. ಲಿವರ್ ಆಕ್ಷನ್ ಒಳಗೆ ಸಣ್ಣ ಸಣ್ಣ ಭಾಗಗಳು, ಸ್ಪ್ರಿಂಗು, ಕೊಂಡಿ. ಅವನ್ನು ಬಿಚ್ಚಿ ಜೋಡಿಸಬಲ್ಲ ರಿಪೇರಿಯವರು ನಮ್ಮ ಕಡೆ ಕಡಿಮೆ.

ಡೀಲರ್ ಡಮ್ಮಿ ತೋಟಾ ಕೊಟ್ಟರು. ಹೆಗ್ಡೆಯವರು ರೈಫಲಿನ ಪಕ್ಕದಲ್ಲಿರುವ ಸಣ್ಣ ಬಾಗಿಲಿನಿಂದ ಒಂದೊಂದೇ ತಳ್ಳಿ ತುಂಬಿದರು. ಲಿವರ್ ಎಳೆದರು, ಮುಚ್ಚಿದರು. ಮೊದಲನೆಯದು ಸಲೀಸಾಗಿ ಹೋಯಿತು. ಎರಡನೆಯ ಸಲ ಮೆಲ್ಲಗೆ, ಅರ್ಧಕ್ಕೆ ಎಳೆದು ಮುಚ್ಚಿದರು. ತೋಟಾ ಒಳಗೆ ಅಡ್ಡ ನಿಂತಿತು. ಲಿವರ್ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹೊಸಬರಿಗೆ ಇದು ಆಗುವಂಥದ್ದೇ, ಲಿವರ್ ಅಂದರೆ ಕೊನೆಯ ತನಕ ಗಟ್ಟಿಯಾಗಿ ಎಳೆಯಬೇಕು. ಡೀಲರ್ ಬೆರಳು ಹಾಕಿ ಬಿಡಿಸಿಕೊಟ್ಟರು. ಹಗಲಿನಲ್ಲಿ, ಫ್ಯಾನಿನ ಕೆಳಗೆ, ಡಮ್ಮಿ ತೋಟಾದಲ್ಲಿ ಆದದ್ದು ಅದು. ಅದೇ ರಾತ್ರಿ ಟಾರ್ಚ್ ಕಚ್ಚಿಕೊಂಡು, ಒದ್ದೆ ಕೈಯಲ್ಲಿ, ಎದುರಿಗೆ ಗಾಯಗೊಂಡ ಹಂದಿ ಇರುವಾಗ ಆದರೆ?

ಇನ್ನೊಂದು ವಿಷಯ ಅವರ ಮುಖದ ಬಣ್ಣವನ್ನೇ ಬದಲಿಸಿತು. ರೈಫಲ್ ಖಾಲಿ ಮಾಡುವುದು ಹೇಗೆ ಎಂದು ಕೇಳಿದರು. ಈ ಮಾದರಿಯಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ಇರುವ ಪ್ರತಿ ತೋಟಾವನ್ನೂ ಲಿವರ್ ಎಳೆದು, ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಕೋಣೆಗೆ ತಂದು ಹೊರಗೆ ಹಾಕಬೇಕು. ಆರು ತೋಟಾ ಇದ್ದರೆ ಆರು ಸಲ ಜೀವಂತ ತೋಟಾ ಫೈರಿಂಗ್ ಪಿನ್ನಿನ ಎದುರು ಬರುತ್ತದೆ. ಹಳೆಯ ಮಾದರಿಗೆ ಬೇರೆ ಸೇಫ್ಟಿ ಗುಂಡಿ ಇಲ್ಲ. ಕುದುರೆಯನ್ನು (ಹ್ಯಾಮರ್) ಬೆರಳಲ್ಲಿ ಹಿಡಿದು ಅರ್ಧಕ್ಕೆ ಇಳಿಸಿ ನಿಲ್ಲಿಸುವುದೇ ಸೇಫ್ಟಿ. ಬೆವರಿದ ಬೆರಳು ಜಾರಿದರೆ ಈಡು ಹೋಗಬಹುದು. ಅಭ್ಯಾಸ ಇದ್ದವರಿಗೆ ಇದು ದೊಡ್ಡ ವಿಷಯ ಅಲ್ಲ. ಜೀವಮಾನದಲ್ಲಿ ಕೇಪಿನ ಕೋವಿ ಮಾತ್ರ ಹಿಡಿದವರಿಗೆ, ಮನೆಯಲ್ಲಿ ಮೊಮ್ಮಕ್ಕಳು ಓಡಾಡುವವರಿಗೆ, ಇದು ದೊಡ್ಡದೇ.

ರೈಫಲಿನ ಜೊತೆ ಬರಲಿದ್ದ ಹಳೇ ತೋಟಾಗಳನ್ನು ಡೀಲರ್ ಮೇಜಿನ ಮೇಲೆ ಸುರಿದರು. ಬೆರಳೆಣಿಕೆಯಷ್ಟು. ಹಿತ್ತಾಳೆ ಕೇಸಿನ ಕುತ್ತಿಗೆಯ ಸುತ್ತ ಹಸಿರು ಕಿಲುಬು. ಒಂದನ್ನು ಉಗುರಿನಿಂದ ಕೆರೆದರೆ ಪುಡಿ ಉದುರಿತು. ಇನ್ನೊಂದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳು. ಅಂಥ ತೋಟಾವನ್ನು ಹೊಡೆಯಲೇಬಾರದು. ಹೊಸದು? ನಮ್ಮ ಆರ್ಡ್‌ನನ್ಸ್ ಕಾರ್ಖಾನೆಗಳು .22, .315, .30-06, 12 ಬೋರು ಇವುಗಳ ತೋಟಾ ಮಾಡುತ್ತವೆ. .30-30 ಮಾಡುವುದಿಲ್ಲ. ಹೊರಗಿನಿಂದ ಬಂದದ್ದು ಎಲ್ಲಾದರೂ ಸಿಕ್ಕರೆ ಸಿಕ್ಕಿತು, ಸಿಕ್ಕಿದಾಗ ಬೆಲೆ ಕೇಳಿದರೆ ಒಂದು ಈಡಿಗೂ ಕೈ ಹಿಂದೆ ಸರಿಯುತ್ತದೆ. ಅಭ್ಯಾಸಕ್ಕೆ ತೋಟಾ ಇಲ್ಲದ ರೈಫಲಿನಲ್ಲಿ ಗುರಿ ಕಲಿಯುವುದು ಹೇಗೆ?

ಇಲ್ಲಿ ಒಂದು ಮಾತು ಸೇರಿಸಬೇಕು. ಹಳೇ ಎಸ್ಟೇಟುಗಳಿಂದ ಕೆಲವೊಮ್ಮೆ .44-40 ಬೋರಿನ ವಿಂಚೆಸ್ಟರ್ 1892ರ ಮಾದರಿಯೂ ಮಾರಾಟಕ್ಕೆ ಬರುತ್ತದೆ. ಅದರ ಗುಂಡು ಭಾರ, ವೇಗ ಕಡಿಮೆ, ಸೆಕೆಂಡಿಗೆ 1200 ಅಡಿಯ ಆಸುಪಾಸು. ತೋಟದ ದೂರಕ್ಕೆ ಅದು ಒಳ್ಳೆಯದು ಎಂದು ಹೇಳುವವರಿದ್ದಾರೆ. ಆದರೆ ತೋಟಾದ ಕಷ್ಟ ಅದಕ್ಕೂ ಅಷ್ಟೇ. ಯಾವ ಬೋರಾದರೂ ಕೊಳವೆ ಮ್ಯಾಗಜೀನಿನ ರೈಫಲಿಗೆ ಚೂಪು ಮೂತಿಯ ಮಾಮೂಲಿ ಗುಂಡು ಹಾಕಬಾರದು. ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ, ಅಂದರೆ ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಭಾಗಕ್ಕೆ, ತಾಗಿಕೊಂಡು ಕೂತಿರುತ್ತದೆ. ಒದೆತಕ್ಕೆ ಅದು ಸಿಡಿದರೆ ಕೈ ಹೋಗುತ್ತದೆ. ಅದಕ್ಕೇ .30-30ಗೆ ಚಪ್ಪಟೆ ಅಥವಾ ದುಂಡು ಮೂತಿಯ ಗುಂಡು. ‘ಎಂತದ್ದಾದ್ರೂ ಹೊಂದಿಸಿ ಕೊಡ್ತೇನೆ’ ಅನ್ನುವವರ ಮಾತು ಕೇಳಬೇಡಿ.

ಬೆಳಗಿನ ಜಾವ ತೋಟದಲ್ಲಿ

ಅಂಗಡಿಯಿಂದ ಹೊರಗೆ ಬಂದಾಗಲೂ ಹೆಗ್ಡೆಯವರು ಬೇಡ ಅನ್ನಲಿಲ್ಲ. ಮುಂಗಡ ಮಾತ್ರ ಕೊಡಲಿಲ್ಲ. ನಾನು ಒಂದೇ ಮಾತು ಹೇಳಿದೆ: ಹಂದಿ ಬರುವ ಹೊತ್ತಿಗೆ, ನೀವು ನಿಂತು ಹೊಡೆಯುವ ಜಾಗದಲ್ಲಿ ನಿಂತು ನೋಡುವ. ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನೀವೇ ಹೇಳಿ.

ಇಡೀ ಪ್ರಕರಣ ತಿರುಗಿದ್ದು ಆ ಬೆಳಗಿನ ಜಾವ. ಅಂಗಳದ ಅಂಚಿನಲ್ಲಿ ನಿಂತೆವು. ಅಡಿಕೆ ಮರಗಳ ನಡುವೆ 2.7 ಮೀಟರ್ ಅಂತರ. ಟಾರ್ಚಿನ ಬೆಳಕು ಕಂಬಗಳ ನಡುವೆ ತುಂಡಾಗಿ, ಇಪ್ಪತ್ತೈದು ಮೂವತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ. 150 ಗಜದ ರೈಫಲಿಗೆ ಇಲ್ಲಿ ಕೆಲಸವೇ ಇಲ್ಲ. ಕೆಳಗೆ ತೋಡಿನ ಬದಿಯ ದರೆ ಮುರಕಲ್ಲಿನದ್ದು (ಜಂಬಿಟ್ಟಿಗೆ ಕಲ್ಲು). ಮಣ್ಣಿನ ದರೆಯಾದರೆ ಗುಂಡನ್ನು ನುಂಗುತ್ತದೆ, ಮುರಕಲ್ಲಿಗೆ ಓರೆಯಾಗಿ ತಾಗಿದರೆ ಚಿಮ್ಮಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ದರೆಯ ಮೇಲಿನಿಂದ ನೋಡಿದರೆ ಬೈಲಿನ ಆಚೆ ದಡದ ಮನೆಗಳ ಬಲ್ಬು ಕಾಣುತ್ತಿತ್ತು. ಪುಟ್ಟ .22 ತೋಟಾದ ಪೆಟ್ಟಿಗೆಯ ಮೇಲೇ ಒಂದೂವರೆ ಮೈಲಿ ತನಕ ಅಪಾಯ ಎಂದು ಬರೆದಿರುತ್ತದೆ. ಸೆಂಟರ್‌ಫೈರ್ ರೈಫಲಿನ ಗುಂಡು ಅದಕ್ಕಿಂತಲೂ ದೂರ ಹೋಗುತ್ತದೆ.

‘ಹಾಗಾದ್ರೆ ಗುಡ್ಡದ ಕಡೆ ಹೊಡೆಯುವ’ ಅಂದರು. ತಿರುಗಿ ನಿಂತೆವು. ಗುಡ್ಡದಲ್ಲಿ, ರಬ್ಬರ್ ಮರಗಳ ನಡುವೆ, ಸಣ್ಣ ಬೆಳಕೊಂದು ಮರದಿಂದ ಮರಕ್ಕೆ ಸರಿಯುತ್ತಿತ್ತು. ತಲೆಗೆ ಲೈಟ್ ಕಟ್ಟಿಕೊಂಡು ಟ್ಯಾಪಿಂಗಿಗೆ ಬಂದವನು. ಸ್ವಲ್ಪ ಆಚೆ ಇನ್ನೊಬ್ಬ. ರಬ್ಬರ್ ಹಾಲು ಚೆನ್ನಾಗಿ ಇಳಿಯುವುದು ತಂಪು ಹೊತ್ತಿನಲ್ಲಿ, ಹಾಗಾಗಿ ಅವರು ಕತ್ತಲೆಯಲ್ಲೇ ಕೆಲಸ ಶುರು ಮಾಡುತ್ತಾರೆ. ಹಂದಿ ಗುಡ್ಡಕ್ಕೆ ಹಿಂದಿರುಗುವುದೂ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಕೋಲ, ಯಕ್ಷಗಾನದ ದಿನಗಳಲ್ಲಿ ಗುಡ್ಡದ ಕಾಲುದಾರಿಯಲ್ಲಿ ರಾತ್ರಿಯಿಡೀ ಜನ ಓಡಾಡುತ್ತಾರೆ.

ಹೆಗ್ಡೆಯವರು ತುಂಬಾ ಹೊತ್ತು ಮಾತಾಡಲಿಲ್ಲ. ಆ ಟ್ಯಾಪರ್ ಅವರಿಗೆ ಗೊತ್ತಿದ್ದ ಹುಡುಗ.

ಒಳಗೆ ಚಾ ಕುಡಿಯುವಾಗ ಅವರ ಹೆಂಡತಿ ಕೇಳಿದ ಪ್ರಶ್ನೆ ಉಳಿದದ್ದನ್ನೂ ಮುಗಿಸಿತು. ‘ಕೋವಿ ಬೇಕಾದ್ದು ನಿಮಗೋ, ತೋಟಕ್ಕೋ? ನೀವು ಮಂಗಳೂರಿಗೆ ಹೋದ ದಿನ ಹಂದಿ ಬಂದ್ರೆ ನಾನೆಂತ ಮಾಡುದು?’ ನಿಜ. ಲೈಸೆನ್ಸಿನಲ್ಲಿ ಹೆಸರಿಲ್ಲದ ಮನೆಯವರು ಕೋವಿ ಬಳಸುವ ಹಾಗಿಲ್ಲ. ಚುನಾವಣೆ ಬಂದಾಗ ಕೋವಿ ಠಾಣೆಗೋ ಡೀಲರ್ ಹತ್ತಿರವೋ ಠೇವಣಿ ಹೋಗಬಹುದು. ಆ ದಿನಗಳಲ್ಲಿ ಹಂದಿಗೆ ರಜೆ ಇಲ್ಲ.

ಏನು ಮಾಡಿದರು

ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿದೆವು. ತೋಟ ಉಳಿಸುವ ಕೆಲಸಕ್ಕೆ, ಹೆಗ್ಡೆಯವರ ಹೆಂಡತಿಯೇ ಮೊದಲು ಹೇಳಿದ ಹಾಗೆ, ಸೋಲಾರ್ ಬೇಲಿ. ಹಾಳಾದ ಕೇಪಿನ ಕೋವಿಗೆ ಬದಲಾಗಿ 12 ಬೋರಿನ ಜೋಡುನಳಿಗೆಗೆ ಅರ್ಜಿ.

ಅರ್ಜಿಯಲ್ಲಿ ಹಳೇ ಕೋವಿಯ ನಳಿಗೆಯ ಸ್ಥಿತಿ, ಪಹಣಿ, ಬೆಳೆ ಹಾನಿಯ ಫೋಟೋ, ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಎಲ್ಲ ಇಟ್ಟು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರು. ಕೇಪಿನ ಕೋವಿ ಯಾಕೆ ಸಾಲುವುದಿಲ್ಲ ಎನ್ನುವುದನ್ನು ಸೆಕ್ಷನ್ 13ರ ಮಾತಿನಲ್ಲೇ ಬರೆದದ್ದು ಉಪಯೋಗಕ್ಕೆ ಬಂತು. ಪೊಲೀಸ್ ವರದಿ, ಅರಣ್ಯ ಇಲಾಖೆಯ ಅಭಿಪ್ರಾಯ ಬರುವಾಗ ತಡವಾಯಿತು. ಆದರೂ ಬಂತು. 12 ಬೋರಿನ ತೋಟಾವೂ ಸೆಂಟರ್‌ಫೈರ್ ಎಂದು ಹೇಳಿದಾಗ ಹೆಗ್ಡೆಯವರಿಗೆ ಆಶ್ಚರ್ಯ. ಪ್ರೈಮರ್ ತೋಟಾದ ಹಿಂಬದಿಯ ನಡುವಿನಲ್ಲಿದ್ದರೆ ಸೆಂಟರ್‌ಫೈರ್, .22ರ ಹಾಗೆ ಅಂಚಿನೊಳಗೆ ಇದ್ದರೆ ರಿಮ್‌ಫೈರ್. ಅಷ್ಟೇ ವ್ಯತ್ಯಾಸ. ಹಾಗೆ ನೋಡಿದರೆ ಅವರ ಮೊದಲ ಸೆಂಟರ್‌ಫೈರ್ ಜೋಡುನಳಿಗೆಯೇ ಆಯಿತು.

ಜೋಡುನಳಿಗೆಯ ಅಪಾಯ ಇಲ್ಲ ಎಂದು ಯಾರೂ ತಿಳಿಯಬಾರದು. ದೊಡ್ಡ ಚರೆ ನೂರಾರು ಮೀಟರ್ ದೂರಕ್ಕೂ ಕಣ್ಣು ತೆಗೆಯಬಲ್ಲದು. ಆದರೆ ರೈಫಲ್ ಗುಂಡಿನ ಹಾಗೆ ಬೈಲು ದಾಟಿ, ಮನೆಯ ಬಾಗಿಲು ಸೀಳಿ ಹೋಗುವುದಿಲ್ಲ. ಮಡಚಿದರೆ ಖಾಲಿಯೋ ತುಂಬಿದೆಯೋ ಕಣ್ಣಿಗೆ ಕಾಣುತ್ತದೆ. ತೋಟಾ ಮಂಗಳೂರಿನಲ್ಲೇ ಸಿಗುತ್ತದೆ. ಹೊಡೆಯುವ ದಿಕ್ಕನ್ನು ಹೆಗ್ಡೆಯವರು ಹಗಲಲ್ಲೇ ಗುರುತು ಮಾಡಿಟ್ಟಿದ್ದಾರೆ: ತೋಟದ ಒಂದು ಮೂಲೆಯಲ್ಲಿ ಮಣ್ಣಿನ ದಿಣ್ಣೆ, ಅದರ ಕಡೆಗೆ ಮಾತ್ರ. ಗುಡ್ಡದ ಕಡೆಗೆ ಯಾವತ್ತೂ ಇಲ್ಲ.

ಬೇಲಿ ಮೊದಲ ಮಳೆಗಾಲದಲ್ಲಿ ಕೈ ಕೊಟ್ಟಿತು. ಹುಲ್ಲು, ಬಳ್ಳಿ ಬೆಳೆದು ಕೆಳಗಿನ ತಂತಿಗೆ ತಾಗಿ ಶಾಕ್ ಇಳಿದುಹೋಯಿತು. ಹಂದಿಗಳು ಅದೇ ಜಾಗ ಹುಡುಕಿ ನುಗ್ಗಿದವು. ಹೆಗ್ಡೆಯವರು ಬೇಸರದಿಂದ ‘ಆ ರೈಫಲ್ ತಗೊಂಡಿದ್ರೆ’ ಎಂದು ಒಮ್ಮೆ ಅಂದದ್ದೂ ಉಂಟು. ಆಮೇಲೆ ಬೇಲಿಯ ಬುಡಕ್ಕೆ ಅಗಲವಾಗಿ ಹುಲ್ಲು ಸವರಿ, ಕೆಳಗಿನ ತಂತಿಯನ್ನು ಹಂದಿಯ ಮೂತಿಯ ಎತ್ತರಕ್ಕೆ ತಂದು, ವಾರಕ್ಕೊಮ್ಮೆ ಸುತ್ತು ಹಾಕಿ ನೋಡುವುದನ್ನು ರೂಢಿ ಮಾಡಿಕೊಂಡರು. ಮುಂದಿನ ವರ್ಷ ಹೊಸ ಸಸಿಗಳು ಉಳಿದವು. ಮರಗೆಣಸು ಮಾತ್ರ ಬೇಲಿಯ ಹೊರಗಿತ್ತು, ಅದು ಹೋಯಿತು. ಜೋಡುನಳಿಗೆಯ ಕೆಲಸ ಬಹಳ ಕಡಿಮೆ ಬಿದ್ದಿದೆ.

ಇಂಥ ಆಸೆ ಹೊತ್ತು ಬರುವವರಿಗೆ

ಈ ಪ್ರಕರಣದ ನಂತರ ಲಿವರ್ ಆಕ್ಷನ್ ಕೇಳಿಕೊಂಡು ಬರುವವರಿಗೆ ನಾನು ಮಾದರಿ, ಬೋರು, ಬೆಲೆಯ ಮಾತನ್ನು ಕೊನೆಗೆ ಇಡುತ್ತೇನೆ. ಮೊದಲು ಅವರು ನಿಂತು ಹೊಡೆಯುವ ಜಾಗಕ್ಕೆ ಹೋಗುತ್ತೇನೆ, ಅದೂ ಪ್ರಾಣಿ ಬರುವ ಹೊತ್ತಿಗೆ. ಹಗಲು ಹನ್ನೊಂದು ಗಂಟೆಗೆ ಹೋದರೆ ಆ ರಬ್ಬರ್ ಟ್ಯಾಪರ್ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಾನೂನಿನ ಮಾತು, ತೋಟಾದ ಕೊರತೆ, ತುಕ್ಕು, ಲಿವರ್ ಸಿಕ್ಕಿಹಾಕಿಕೊಂಡದ್ದು, ಇವೆಲ್ಲ ಹೆಗ್ಡೆಯವರನ್ನು ಯೋಚನೆಗೆ ಹಚ್ಚಿದವು. ತೀರ್ಮಾನ ಆದದ್ದು ಮಾತ್ರ ಗುಂಡು ಹೋಗುವ ದಾರಿಯಲ್ಲಿ ಗೊತ್ತಿರುವ ಮನುಷ್ಯ ಕಂಡಾಗ.

ಎರಡನೆಯದು, ಮನೆಯವರನ್ನು ಮಾತಿಗೆ ಸೇರಿಸಿಕೊಳ್ಳಿ. ಕೋವಿಯ ವಿಷಯ ಗಂಡಸರ ಮಾತು ಎಂದು ಅಂಗಳದಲ್ಲೇ ಮುಗಿಸುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಬೇಲಿಯ ಮಾತು ಮೊದಲು ಬಂದದ್ದೇ ಅಡುಗೆಮನೆಯಿಂದ.

ಲಿವರ್ ಆಕ್ಷನ್ ಕೆಟ್ಟ ಆಯ್ಕೆ ಎಂದು ನಾನು ಹೇಳುತ್ತಿಲ್ಲ. ರೇಂಜಿಗೆ ಹೋಗುವ ಅನುಕೂಲ, ತೋಟಾ ಸಿಗುವ ದಾರಿ, ಕ್ರೀಡೆಯ ಹೆಸರಿನಲ್ಲಿ ತಕ್ಕ ಲೈಸೆನ್ಸ್ ಇರುವವರಿಗೆ ಒಳ್ಳೆಯ .30-30 ಸಂತೋಷ ಕೊಡುವ ರೈಫಲ್. ಮಂಗಳೂರಿನ ಆ ವಿಂಚೆಸ್ಟರನ್ನು ಅಂಥವರೊಬ್ಬರು ತಗೊಂಡರು.

ಹೆಗ್ಡೆಯವರು ಹೋದ ಬೇಸಿಗೆಯಲ್ಲಿ ಟೆಕ್ಸಾಸಿಗೆ ಹೋಗಿ ಬಂದರು. ಅಳಿಯ ಅಲ್ಲಿನ ರೇಂಜಿಗೆ ಕರೆದುಕೊಂಡು ಹೋಗಿ ಮಾರ್ಲಿನ್ ಕೊಟ್ಟು ಹೊಡೆಸಿದ. ಎದುರಿಗೆ ಎತ್ತರದ ಮಣ್ಣಿನ ದಿಣ್ಣೆ, ಅಕ್ಕಪಕ್ಕ ಯಾರೂ ಇಲ್ಲ, ಬೇಕಾದಷ್ಟು ತೋಟಾ. ಲಿವರನ್ನು ಕೊನೆಯ ತನಕ ಎಳೆಯಬೇಕು ಎನ್ನುವುದನ್ನು ಮರೆಯಲಿಲ್ಲವಂತೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಎರಡು ಕೋವಿ ಇಟ್ಟುಕೊಳ್ಳಬಹುದು, ಅವರ ಹತ್ತಿರ ಈಗ ಇರುವುದು ಒಂದೇ. ಎರಡನೆಯದಕ್ಕೆ ಅವಸರ ಇಲ್ಲ ಅನ್ನುತ್ತಾರೆ. ಸದ್ಯಕ್ಕೆ ಒಂದು ರೈಫಲ್ ಕ್ಲಬ್ಬಿಗೆ ಸೇರಿ .22ರಲ್ಲಿ ಗುರಿ ಕಲಿಯುವ ಯೋಚನೆ ಇದೆ, ಅದರ ಸದಸ್ಯತ್ವದ ಫಾರಂ ಹೋದ ವಾರ ನನ್ನ ಕೈಗೆ ಕೊಟ್ಟಿದ್ದಾರೆ.